ಕಬ್ಬಿಣಕ್ಕೆಂದು ಬರೆದ ಬಳ್ಳಿ: ಫ್ರೆಂಚ್ ಬಂದೂಕುಗಳ ಕೆತ್ತನೆಯ ಮಾದರಿ ಹಾಳೆಗಳು

ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಪ್ಯಾರಿಸ್ ನಗರದಲ್ಲಿ ತಾಮ್ರದ ತಗಡಿನಿಂದ ಅಚ್ಚಾಗಿ ಹೊರಬಂದ ಚಿತ್ರಗಳ ದೊಡ್ಡ ರಾಶಿಯಲ್ಲಿ ಗೋಡೆಗೆ ತೂಗಿಹಾಕಲೆಂದಾಗಲಿ ಪುಸ್ತಕದ ನಡುವೆ ಸೇರಿಸಲೆಂದಾಗಲಿ ಮಾಡದ ಒಂದು ಸಣ್ಣ ಪಂಗಡವಿದೆ. ಈ ಹಾಳೆಗಳನ್ನು ಬಿಡಿಸಿ ನೋಡಿದವರಿಗೆ ಮೊದಲು ಕಾಣುವುದು ಬಾಳೆಕಾಯಿಯಂತೆ ಬಾಗಿದ ಒಂದು ಆಕಾರ, ಅದರ ಪಕ್ಕದಲ್ಲಿ ಹಾವಿನಂತೆ ಸುತ್ತಿಕೊಂಡ ಇನ್ನೊಂದು, ಕೆಳಗೆ ಈಟಿಯ ಮೊನೆಯಂತೆ ಚೂಪಾದ ಮತ್ತೊಂದು. ಇವುಗಳ ನಡುವೆ ಬೇಕಾದಷ್ಟು ಬಿಳಿಯ ಜಾಗ, ಆಕಾರಗಳ ಒಳಗೆ ಮಾತ್ರ ಎಲೆ, ಬಳ್ಳಿ, ಮುಖವಾಡ, ನಾಯಿ, ಜಿಂಕೆ, ರೆಕ್ಕೆಯುಳ್ಳ ವಿಚಿತ್ರ ಪ್ರಾಣಿಗಳ ಇಕ್ಕಟ್ಟು. ಇವು ಬಂದೂಕಿನ ಬಿಡಿಭಾಗಗಳು. ಬಂದೂಕು ಮಾಡುವ ಕುಶಲಕರ್ಮಿಯನ್ನು ಫ್ರೆಂಚರು ‘ಆರ್ಕಬ್ಯೂಝಿಯೇ’ ಎಂದು ಕರೆಯುತ್ತಿದ್ದರು. ‘ಆರ್ಕಬ್ಯೂಸ್’ ಎಂಬ ಹಳೆಯ ಕೈಬಂದೂಕಿನ ಹೆಸರಿನಿಂದ ಹುಟ್ಟಿದ ಈ ಮಾತು ಆ ಆಯುಧ ಬಳಕೆಯಿಂದ ಮರೆಯಾದ ಮೇಲೂ ಕಸುಬಿನ ಹೆಸರಾಗಿ ಉಳಿದುಕೊಂಡಿತು. ಆ ಕಸುಬುದಾರರ ಮತ್ತು ಅವರ ಕೆತ್ತನೆಗಾರರ ಉಪಯೋಗಕ್ಕಾಗಿ ಮಾರಾಟವಾದ ಅಲಂಕಾರದ ಮಾದರಿಗಳೇ ಈ ಹಾಳೆಗಳು. 1630ರ ದಶಕದಲ್ಲಿ ಫಿಲಿಪ್ ಕೋರ್ದಿಯೇ ದೋಬಿನ್ಯಿ ಎಂಬಾತನ ಹಾಳೆಗಳಿಂದ ತೊಡಗಿ 1740ರ ದಶಕದ ಕೊನೆಯವರೆಗೆ, ಒಂದು ಶತಮಾನಕ್ಕೂ ಮಿಗಿಲಾಗಿ, ಈ ಬಗೆಯ ಮುದ್ರಣ ಪ್ಯಾರಿಸ್ಸಿನಲ್ಲಿ ನಡೆಯಿತು.

ಇಲ್ಲಿ ಚಿತ್ರವನ್ನು ತೋರಿಸುವ ಉಪಾಯವಿಲ್ಲವಾದುದರಿಂದ ಹಾಳೆಗಿಂತ ಮೊದಲು ಬಂದೂಕನ್ನೇ ಮಾತಿನಲ್ಲಿ ಬಿಚ್ಚಿಡುವುದು ಒಳಿತು. ನಳಿಗೆಯ ಬುಡದ ಬಲಬದಿಯಲ್ಲಿ, ಮರದ ಒಡಲಿನಲ್ಲಿ ಹುದುಗಿರುವ ಬೆಂಕಿ ಹೊತ್ತಿಸುವ ಯಂತ್ರಕ್ಕೆ ಲಾಕು ಎಂದು ಹೆಸರು. ಚಕಮಕಿ ಕಲ್ಲಿನ ಬಂದೂಕಿನಲ್ಲಿ ಈ ಲಾಕಿನ ಹೊರಗೆ ಎದ್ದು ನಿಂತಿರುವ, ತನ್ನ ಎರಡು ದವಡೆಗಳ ನಡುವೆ ಕಲ್ಲನ್ನು ಕಚ್ಚಿಕೊಂಡಿರುವ ಬಾಗಿದ ಅವಯವವೊಂದಿದೆ. ಕನ್ನಡದಲ್ಲಿ ಇದಕ್ಕೆ ಕುದುರೆ ಎಂಬ ಹೆಸರಿದೆ. ಇಂಗ್ಲಿಷರಿಗೆ ಇದು ಹುಂಜ, ಫ್ರೆಂಚರಿಗೆ ನಾಯಿ. ಯಾವ ನಾಡಿನವನಿಗೂ ಆ ಕಬ್ಬಿಣದ ತುಂಡು ಪ್ರಾಣಿಯಾಗಿ ಕಂಡಿತೆಂಬುದು ಮುಂದೆ ಕೆತ್ತನೆಗಾರರು ಅದಕ್ಕೆ ಕೊಟ್ಟ ರೂಪಗಳನ್ನು ನೋಡಿದಾಗ ಸಹಜವೆನಿಸುತ್ತದೆ. ಬೆರಳು ಟ್ರಿಗರನ್ನು ಎಳೆದೊಡನೆ ಕುದುರೆ ಮುಂದಕ್ಕೆ ಬಡಿಯುತ್ತದೆ, ಕಲ್ಲು ಎದುರಿನ ಉಕ್ಕಿನ ತಟ್ಟೆಯನ್ನು ಉಜ್ಜಿ ಕಿಡಿ ಎಬ್ಬಿಸುತ್ತದೆ, ಅದೇ ಪೆಟ್ಟಿಗೆ ಆ ತಟ್ಟೆ ಮುಂದಕ್ಕೆ ಮಗುಚಿ ತನ್ನ ಕೆಳಗಿದ್ದ ಮದ್ದಿನ ಬಟ್ಟಲನ್ನು ತೆರೆಯುತ್ತದೆ, ಕಿಡಿ ಬಟ್ಟಲಿಗೆ ಬಿದ್ದು ಸಣ್ಣ ರಂಧ್ರವೊಂದರ ಮೂಲಕ ನಳಿಗೆಯೊಳಗಿನ ಮದ್ದಿಗೆ ಬೆಂಕಿಯನ್ನು ಒಯ್ಯುತ್ತದೆ.

ತಟ್ಟೆಯೂ ಮುಚ್ಚಳವೂ ಒಂದೇ ಆಗಿರುವ, ಕುದುರೆಯನ್ನು ಅರ್ಧ ಮತ್ತು ಪೂರ್ಣ ಎಂಬ ಎರಡು ನೆಲೆಗಳಲ್ಲಿ ಹಿಡಿದು ನಿಲ್ಲಿಸುವ ಈ ಸಂಯೋಜನೆಯನ್ನು ನಾರ್ಮಂಡಿಯ ಲಿಸ್ಯೂ ಪಟ್ಟಣದ ಮಾರೆಂ ಲ ಬೂರ್ಜ್ವಾ ಎಂಬ ಕಲಾವಿದ ಹದಿನೇಳನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ ರೂಪಿಸಿದನೆಂದು ಆಯುಧ ಚರಿತ್ರಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಅವನು ಬರಿಯ ಬಂದೂಕುಗಾರನಲ್ಲ. ಚಿತ್ರಕಾರ, ಶಿಲ್ಪಿ, ವಾದ್ಯಗಳನ್ನೂ ಭೂಗೋಲಗಳನ್ನೂ ಮಾಡಬಲ್ಲವನು. 1608ರಲ್ಲಿ ನಾಲ್ಕನೆಯ ಹೆನ್ರಿ ದೊರೆ ಲೂವ್ರ್ ಅರಮನೆಯ ಉದ್ದ ಪಡಸಾಲೆಯ ಕೆಳಗಿನ ಕೋಣೆಗಳಲ್ಲಿ ಕುಶಲಕರ್ಮಿಗಳಿಗೆ ವಸತಿ ಕೊಟ್ಟು, ನಗರದ ಕಸುಬುದಾರರ ಸಂಘಗಳ ತಪಾಸಣೆಯಿಂದ ಅವರಿಗೆ ವಿನಾಯಿತಿ ನೀಡಿದಾಗ ಅಲ್ಲಿ ನೆಲೆ ಪಡೆದವರಲ್ಲಿ ಅವನೂ ಒಬ್ಬ. ಅವನ ತಮ್ಮ ಪಿಯೆರ್ ಮಾಡಿದ, ಹದಿಮೂರನೆಯ ಲೂಯಿಯ ಆಯುಧಶಾಲೆಗೆ ಸೇರಿದ್ದ ಬಂದೂಕೊಂದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಹೊಸ ಲಾಕಿನ ಯಾಂತ್ರಿಕ ಗುಣಗಳನ್ನು ಎಲ್ಲ ಗ್ರಂಥಗಳೂ ಹೊಗಳುತ್ತವೆ. ಅಲಂಕಾರದ ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ಮಾತು ಬೇರೆ ಇದೆ. ಅದಕ್ಕೆ ಹಿಂದಿನ ಜರ್ಮನ್ ಚಕ್ರದ ಲಾಕುಗಳಲ್ಲಿ ತಿರುಗುವ ಚಕ್ರವೂ ಅದರ ಕವಚವೂ ಅನೇಕ ವೇಳೆ ಲಾಕನ್ನು ಹೊತ್ತ ತಗಡಿನ ಹೊರಮೈಯನ್ನೇ ಆಕ್ರಮಿಸಿಕೊಂಡಿರುತ್ತಿದ್ದವು. ಹಳೆಯ ಚಕಮಕಿ ಲಾಕುಗಳಲ್ಲಿ ಕುದುರೆಯನ್ನು ತಡೆಹಿಡಿಯುವ ಕೊಂಡಿ ತಗಡನ್ನು ತೂರಿಕೊಂಡು ಹೊರಕ್ಕೆ ಚಾಚುತ್ತಿತ್ತು. ಲ ಬೂರ್ಜ್ವಾನ ಲಾಕಿನಲ್ಲಿ ಕೊಂಡಿ ಒಳಮೈಯಲ್ಲೇ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಉಕ್ಕಿನ ತಟ್ಟೆಯ ಕೆಳಗಿನ ಸಣ್ಣ ಸ್ಪ್ರಿಂಗೊಂದನ್ನು ಬಿಟ್ಟರೆ ಯಂತ್ರವೆಲ್ಲ ಒಳಗೆ ಸರಿದು, ಹೊರಗೆ ಅಂಗೈಯಗಲದ ನುಣುಪಾದ ಬಯಲೊಂದು ತೆರೆದುಕೊಂಡಿತು. ಮಾದರಿ ಹಾಳೆಗಳ ಚರಿತ್ರೆ ಈ ಬಯಲಿನಿಂದಲೇ ಆರಂಭವಾಗುತ್ತದೆಂದು ಹೇಳಿದರೆ ತಪ್ಪಾಗಲಾರದು; ರಾಜರ ಐಷಾರಾಮದ ಹಂಬಲ ಹಳೆಯದೇ ಆಗಿತ್ತು, ಹೊಸದಾಗಿ ದೊರೆತದ್ದು ಕೆತ್ತಲು ಜಾಗ.

ಈ ಜಾಗವೂ ಚಿತ್ರಕಾರನ ಇಚ್ಛೆಯಂತೆ ಒದಗುವುದಲ್ಲ. ಲಾಕಿನ ತಗಡು ಮುಂದೆ ಅಗಲ, ಹಿಂದೆ ಬಾಲದಂತೆ ಚೂಪು. ನಡುವೆ ಮದ್ದಿನ ಬಟ್ಟಲು ಅದನ್ನು ಕತ್ತರಿಸುತ್ತದೆ, ಕುದುರೆ ಅರ್ಧ ಭಾಗವನ್ನು ಮುಚ್ಚುತ್ತದೆ, ಸ್ಕ್ರೂಗಳ ತಲೆಗಳು ಎಲ್ಲೆಂದರಲ್ಲಿ ಮುಖ ತೋರುತ್ತವೆ. ಎಡಬದಿಯಲ್ಲಿ, ಲಾಕನ್ನು ಹಿಡಿದಿಡುವ ಸ್ಕ್ರೂಗಳು ಮರವನ್ನು ತಿನ್ನದಂತೆ ತಡೆಯುವ ಪಕ್ಕದ ತಗಡು ಇರುತ್ತದೆ. ಅದರ ಕೆಲಸವೆಂದರೆ ಎರಡು ಮೂರು ಸ್ಕ್ರೂಗಳ ನಡುವಿನ ಅಂತರವನ್ನು ಕೂಡಿಸುವುದಷ್ಟೇ ಆದ್ದರಿಂದ ಅದನ್ನು ಜಾಲಂಧ್ರದಂತೆ ಕೊರೆದು ತೂತುಮಾಡಿ, ಒಂದನ್ನೊಂದು ನುಂಗುವ ಸರ್ಪಗಳನ್ನಾಗಿಯೋ ಎಲೆಬಳ್ಳಿಯನ್ನಾಗಿಯೋ ಹಬ್ಬಿಸಲು ಅಡ್ಡಿಯಿರಲಿಲ್ಲ. ಭುಜಕ್ಕೆ ಆನಿಸುವ ಮರದ ಹಿಂತುದಿಯನ್ನು ಮುಚ್ಚುವ ತಗಡು ಮೇಲಕ್ಕೆ ನಾಲಗೆಯಂತೆ ಚಾಚಿಕೊಳ್ಳುತ್ತದೆ, ಟ್ರಿಗರನ್ನು ಕಾಯುವ ಬಾಗಿದ ಪಟ್ಟಿಗೆ ಮುಂದೊಂದು ಹಿಂದೊಂದು ತುದಿಯಿರುತ್ತದೆ, ಕೈ ಹಿಡಿಯುವೆಡೆಯಲ್ಲಿ ಒಡೆಯನ ಲಾಂಛನಕ್ಕೆಂದು ಪುಟ್ಟ ಗುರಾಣಿಯಾಕಾರದ ಫಲಕವಿರುತ್ತದೆ. ಒಳ್ಳೆಯ ಮಾದರಿಯ ಲಕ್ಷಣವೇನೆಂದರೆ ಈ ಅಡ್ಡಿಗಳೇ ಚಿತ್ರದ ಅಂಗಗಳಾಗುವುದು: ಸ್ಕ್ರೂವಿನ ತಲೆ ಹೂವಿನ ನಡುಗುಬ್ಬಿಯಾಗುತ್ತದೆ, ತಗಡಿನ ಚೂಪಾದ ಬಾಲ ಬೇಟೆನಾಯಿಯಿಂದ ತಪ್ಪಿಸಿಕೊಂಡು ಓಡುವ ಮೊಲಕ್ಕೆ ದಾರಿಯಾಗುತ್ತದೆ, ಕುದುರೆಯ ಕತ್ತಿನ ಬಾಗು ಡಾಲ್ಫಿನ್ ಮೀನಿನ ಬೆನ್ನಾಗುತ್ತದೆ. ಈ ಹೊಂದಾಣಿಕೆ ಸಾಧಿಸದ ಹಾಳೆಗಳೂ ಇಲ್ಲದಿಲ್ಲ; ಅವುಗಳಲ್ಲಿ ಚೆಂದದ ಚಿತ್ರವೊಂದನ್ನು ಕತ್ತರಿಯಿಂದ ಲಾಕಿನ ಆಕಾರಕ್ಕೆ ಕತ್ತರಿಸಿ ಅಂಟಿಸಿದಂತೆ ತೋರುತ್ತದೆ.

ಇಂಥ ಮಾದರಿಗಳು ಮುದ್ರಣದ ಮೂಲಕ ಹರಡಿದುದು ಆಕಸ್ಮಿಕವಲ್ಲ, ಏಕೆಂದರೆ ಆಯುಧದ ಕೆತ್ತನೆಗೂ ಚಿತ್ರಮುದ್ರಣಕ್ಕೂ ಹುಟ್ಟಿನಿಂದಲೇ ನಂಟಿದೆ. ಲೋಹದ ಮೇಲೆ ಗೀರನ್ನು ಕೊರೆದು, ಗೀರಿನೊಳಗೆ ಮಸಿ ತುಂಬಿ, ಮೇಲ್ಮೈಯನ್ನು ಒರಸಿ, ಒದ್ದೆ ಕಾಗದವನ್ನು ಒತ್ತಿದರೆ ಗೀರಿನ ಮಸಿ ಕಾಗದಕ್ಕೆ ಅಂಟಿಕೊಳ್ಳುತ್ತದೆ. ತಗ್ಗುಮುದ್ರಣದ ಮೂಲತತ್ತ್ವ ಇಷ್ಟೇ. ಜರ್ಮನಿಯ ಆಗ್ಸ್‌ಬರ್ಗಿನ ಡೇನಿಯಲ್ ಹೋಫರ್ 1500ರ ಸುಮಾರಿಗೆ, ಯೋಧರ ಉಕ್ಕಿನ ಕವಚಗಳ ಮೇಲೆ ಆಮ್ಲದಿಂದ ಚಿತ್ತಾರ ಕೊರೆಯುವ ತನ್ನ ಕಸುಬಿನ ವಿಧಾನವನ್ನೇ ಕಬ್ಬಿಣದ ಫಲಕಕ್ಕೆ ಅನ್ವಯಿಸಿ ಕಾಗದದ ಮೇಲೆ ಚಿತ್ರಗಳನ್ನು ಮುದ್ರಿಸಿದ ಮೊದಲಿಗರಲ್ಲಿ ಒಬ್ಬ. ಬಂದೂಕಿನ ಕೆತ್ತನೆಗಾರನೂ ಮುದ್ರಣದ ಕೆತ್ತನೆಗಾರನೂ ಬಳಸುತ್ತಿದ್ದುದು ‘ಬ್ಯೂರೆಂ’ ಎಂಬ ಒಂದೇ ಬಗೆಯ ಕೊರೆಯುಳಿ, ಅಂಗೈಗೆ ಒರಗುವ ಮರದ ಹಿಡಿಯುಳ್ಳ, ಮೊನೆಯನ್ನು ಓರೆಯಾಗಿ ಸಾಣೆ ಹಿಡಿದ ಉಕ್ಕಿನ ಕಡ್ಡಿ. ತಾಮ್ರ ಮೆದು, ಕಬ್ಬಿಣ ಗಡುಸು ಎಂಬುದಷ್ಟೇ ವ್ಯತ್ಯಾಸ. ಕೆತ್ತಿ ಮುಗಿದ ಲಾಕಿನ ತಗಡಿಗೆ ಮಸಿ ಸವರಿ ಕಾಗದದ ಮೇಲೆ ಗುರುತು ತೆಗೆದಿಟ್ಟುಕೊಳ್ಳುವ ವಾಡಿಕೆಯೂ ಕಾರ್ಯಾಗಾರಗಳಲ್ಲಿ ಇತ್ತು. ಬಂದೂಕು ಗಿರಾಕಿಯ ಮನೆ ಸೇರಿದ ಮೇಲೆ ಕೆತ್ತನೆಗಾರನ ಬಳಿ ಉಳಿಯುತ್ತಿದ್ದ ನೆನಪು ಅದೊಂದೇ.

ಮುದ್ರಣದ ಇನ್ನೊಂದು ಗುಣ ನೋಡುಗರನ್ನು ಆಗಾಗ ಗೊಂದಲಕ್ಕೆ ಈಡುಮಾಡುತ್ತದೆ. ತಾಮ್ರದಲ್ಲಿ ನೇರವಾಗಿ ಕೊರೆದದ್ದು ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ಬಲ ಎಡವಾಗಿ ಮೂಡುತ್ತದೆ. ಕೆತ್ತನೆಗಾರ ಮೊದಲೇ ತಿರುಗಿಸಿ ಬರೆದುಕೊಳ್ಳದಿದ್ದರೆ ಅಚ್ಚಾದ ಹಾಳೆಯಲ್ಲಿ ಎಡಗೈ ಬಂದೂಕಿನ ಲಾಕು ಕಾಣುತ್ತದೆ. ಹಾಗೆ ಕಂಡಾಗಲೆಲ್ಲ ಎಡಗೈ ಬೇಟೆಗಾರರನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಹಾಳೆಗಳ ಚರಿತ್ರೆಯಲ್ಲಿ 1657ರಿಂದ 1660ರವರೆಗಿನ ಮೂರು ನಾಲ್ಕು ವರ್ಷಗಳು ಅಸಾಧಾರಣವಾಗಿ ಫಲವತ್ತಾದವು. 1657ರಲ್ಲಿ ಪ್ಯಾರಿಸ್ಸಿನ ಬಂದೂಕು ಕಸುಬಿನ ಯಜಮಾನನಾಗಿದ್ದ ಫ್ರಾಂಸ್ವಾ ಮಾರ್ಕೂ ತನ್ನ ಮಾದರಿಗಳನ್ನು ಹೊರತಂದ. ಅವುಗಳನ್ನು ‘ಸಂಗ್ರಹಿಸಿದವನೂ ಕಲ್ಪಿಸಿದವನೂ’ ತಾನೆಂದು ಅವನು ಶೀರ್ಷಿಕೆಯಲ್ಲೇ ಹೇಳಿಕೊಂಡಿದ್ದಾನೆ. ಬೇರೆಯವರಿಂದ ಪಡೆದುದನ್ನು ಮುಚ್ಚಿಡದ ಈ ಪ್ರಾಮಾಣಿಕತೆ ಆ ಕಾಲದ ಪ್ರಕಾಶನಗಳಲ್ಲಿ ಎಲ್ಲೆಡೆ ಕಾಣುವಂಥದಲ್ಲ. 1660ರ ಸುಮಾರಿಗೆ ರಾಜನ ಬಂದೂಕುಗಾರರಾಗಿದ್ದ ತ್ಯುರೇನ್ ಮತ್ತು ಲ ಒಲಾಂದೆ ಎಂಬಿಬ್ಬರ ಕೆಲಸಗಳಿಂದ ಆಯ್ದ ಮಾದರಿಗಳು ಜಾಕಿನೆ ಎಂಬ ಕೆತ್ತನೆಗಾರನ ಕೈಯಲ್ಲಿ ಮೂಡಿ ಬಂದವು. ಲ ಒಲಾಂದೆ ಎಂದರೆ ಡಚ್ಚಿನವನು ಎಂದಷ್ಟೇ ಅರ್ಥ. ಅವನ ನಿಜವಾದ ಹೆಸರು ಆಡ್ರಿಯಾನ್ ರೇನಿಯರ್. ಫ್ರೆಂಚ್ ಶೈಲಿಯೆಂದು ಯುರೋಪೆಲ್ಲ ಮೆಚ್ಚಿದ ವಸ್ತುಗಳ ತಯಾರಕರಲ್ಲಿ ಒಬ್ಬ ಪರದೇಶಿಯಾಗಿ, ಆ ಪರದೇಶಿತನವೇ ಅವನ ಹೆಸರಾಗಿ ಉಳಿದುದು ಗಮನಿಸತಕ್ಕ ಸಂಗತಿ. ಈ ಹಾಳೆಗಳ ಲಾಕುಗಳು ಇನ್ನೂ ಚಪ್ಪಟೆಯಾದವು, ಅವುಗಳ ಮೇಲಿನ ಕೆಲಸ ಬಹುಪಾಲು ಗೆರೆಯದು: ತೆಳ್ಳಗಿನ ಬಳ್ಳಿ, ನಡುನಡುವೆ ಹೂವು, ಪುಟ್ಟ ಚೌಕಟ್ಟುಗಳಲ್ಲಿ ಗ್ರೀಕ್ ಮತ್ತು ರೋಮನ್ ಪುರಾಣಗಳ ಬೇಟೆಯ ದೃಶ್ಯಗಳು. ಬೇಟೆಯ ಪ್ರಸಂಗಗಳಿಗೆ ಇಷ್ಟು ಪ್ರಾಶಸ್ತ್ಯ ದೊರೆತುದಕ್ಕೆ ಕಾರಣ ಸರಳ. ಕೆತ್ತನೆ ಹೊತ್ತ ಬಂದೂಕುಗಳು ಯುದ್ಧಕ್ಕೆ ಹೋಗುವಂಥವಲ್ಲ, ಕಾಡಿಗೆ ಹೋಗುವಂಥವು.

ಇವೆರಡರ ನಡುವೆ, 1659ರಲ್ಲಿ, ‘ಬಂದೂಕುಗಾರರಿಗೆ ಬಹಳ ಉಪಯುಕ್ತವಾದ ವಿವಿಧ ಭಾಗಗಳು’ ಎಂಬರ್ಥದ ಶೀರ್ಷಿಕೆಯ ಸಂಗ್ರಹವೊಂದು ಪ್ರಕಟವಾಯಿತು. ಅದರ ಕರ್ತೃ ಝಾಂ ಬೆರೆಂ, ಆಗ ಹತ್ತೊಂಬತ್ತು ವರ್ಷದ ತರುಣ. ಲೊರೇನ್ ಪ್ರಾಂತದ ಸೆಂ ಮಿಯೆಲ್ ಎಂಬ ಊರಿನಲ್ಲಿ 1640ರಲ್ಲಿ ಬಂದೂಕುಗಾರರ ಮನೆತನದಲ್ಲಿ ಹುಟ್ಟಿದ ಈತ ಮುಂದೆ 1674ರಲ್ಲಿ ಹದಿನಾಲ್ಕನೆಯ ಲೂಯಿಯ ಅರಮನೆಯ ವಿನ್ಯಾಸಕಾರನಾಗಿ ನೇಮಕಗೊಂಡ. ಸಂಗೀತ ನಾಟಕಗಳ ವೇಷಭೂಷಣ, ರಂಗಸಜ್ಜಿಕೆ, ರಾಜಮನೆತನದ ಶವಸಂಸ್ಕಾರದ ಮಂಟಪಗಳು, ಯುದ್ಧನೌಕೆಗಳ ಹಿಂಬದಿಯ ಶಿಲ್ಪ, ನೇಯ್ದ ಗೋಡೆತೆರೆಗಳು ಇವೆಲ್ಲಕ್ಕೂ ಅವನದೇ ವಿನ್ಯಾಸ ಬೇಕೆನ್ನುವಂತಾಯಿತು. 1711ರಲ್ಲಿ ಅವನು ತೀರಿಕೊಳ್ಳುವ ವೇಳೆಗೆ ಅವನ ಹೆಸರು ಒಂದು ಶೈಲಿಯ ಹೆಸರಾಗಿತ್ತು. ಕಲಾಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಬಂದೂಕಿನ ಮಾದರಿಗಳನ್ನು ಅವನ ಬಾಲ್ಯದ ಪ್ರಯೋಗವೆಂಬಂತೆ ಒಂದು ವಾಕ್ಯದಲ್ಲಿ ದಾಟಿಹೋಗುತ್ತವೆ. ಇದು ಅನ್ಯಾಯ. ಇಕ್ಕಟ್ಟಾದ, ಓರೆಕೋರೆಯಾದ, ತೂತುಬಿದ್ದ ಮೇಲ್ಮೈಯನ್ನು ಎಲ್ಲಿಯೂ ಬರಿದಾಗಿ ಬಿಡದೆ, ಎಲ್ಲಿಯೂ ಉಸಿರುಕಟ್ಟಿಸದೆ ತುಂಬುವುದು ಹೇಗೆಂಬ ವಿದ್ಯೆಯನ್ನು ಅವನು ಕಲಿತದ್ದು ಲಾಕಿನ ತಗಡಿನ ಮೇಲೆ. ಆ ವಿದ್ಯೆಯೇ ಮುಂದೆ ಅರಮನೆಯ ಗೋಡೆಗಳಿಗೆ ಹಿಗ್ಗಿತೆಂದು ತಿಳಿಯುವುದು ಹೆಚ್ಚು ಸರಿ.

ಬೆರೆಂ ಬೆಳೆಸಿದ ಅಲಂಕಾರಕ್ಕೆ ‘ಗ್ರೋಟೆಸ್ಕ್’ ಎಂಬ ಹೆಸರಿದೆ. ಹದಿನೈದನೆಯ ಶತಮಾನದ ಕೊನೆಯಲ್ಲಿ ರೋಮಿನಲ್ಲಿ ಮಣ್ಣಿನಡಿ ಹೂತುಹೋಗಿದ್ದ ನೀರೊ ಚಕ್ರವರ್ತಿಯ ಅರಮನೆಯ ಕೋಣೆಗಳು ಪತ್ತೆಯಾದಾಗ ಅವು ‘ಗ್ರೋಟೊ’, ಅಂದರೆ ಗುಹೆಗಳಂತೆ ಕಂಡವು. ಅವುಗಳ ಗೋಡೆಗಳ ಮೇಲೆ ಎಳೆಯಷ್ಟು ತೆಳ್ಳನೆಯ ಕಂಬಗಳು, ಬಳ್ಳಿಯಲ್ಲಿ ಕೊನೆಗೊಳ್ಳುವ ಮನುಷ್ಯರು, ಭಾರವೇ ಇಲ್ಲದಂತೆ ತೇಲುವ ಮಂಟಪಗಳಿದ್ದವು. ರಫೇಲ್ ವ್ಯಾಟಿಕನ್ನಿನ ಪಡಸಾಲೆಗಳಲ್ಲಿ ಇದನ್ನು ಮರಳಿ ಬಳಕೆಗೆ ತಂದ. ಗುಹೆಯ ಚಿತ್ರವಾದುದರಿಂದ ಗ್ರೋಟೆಸ್ಕ್; ಆ ಮಾತಿಗೆ ಈಗ ಅಂಟಿಕೊಂಡಿರುವ ವಿಕಾರ ಎಂಬ ಅರ್ಥ ಅನಂತರ ಬಂದುದು. ಚಪ್ಪಟೆ ಪಟ್ಟಿಗಳು ಹೆಣೆದುಕೊಂಡು ಚೌಕಟ್ಟಾಗುವ, ಆ ಚೌಕಟ್ಟಿನಲ್ಲಿ ಪುಟ್ಟ ಆಕೃತಿಗಳು ಜೋಲಾಡುವ ಈ ಕ್ರಮ ಬಂದೂಕಿಗೆ ಹೇಳಿಮಾಡಿಸಿದಂತೆ ಹೊಂದಿತು. ಭಾರವಿಲ್ಲದ ಚಿತ್ರಕ್ಕೆ ಮೇಲು ಕೆಳಗು ಎಂಬುದಿಲ್ಲ. ಬಂದೂಕಿಗೂ ಅಷ್ಟೆ, ಅದನ್ನು ಭುಜಕ್ಕೆ ಏರಿಸಬಹುದು, ಕೈಯಲ್ಲಿ ಅಡ್ಡ ಹಿಡಿಯಬಹುದು, ಗೋಡೆಗೆ ಒರಗಿಸಬಹುದು.

ಅನಂತರದ ಹಂತವನ್ನು ಪ್ರತಿನಿಧಿಸುವವನು ಕ್ಲೋದ್ ಸಿಮೊನೆಂ. 1685ರಲ್ಲಿ ಹೊರಬಂದು 1693ರಲ್ಲಿ ಮರುಮುದ್ರಣ ಕಂಡ ಅವನ ಸಂಗ್ರಹದಲ್ಲಿ ಲೊರಾಂ ಲ ಲಾಂಗ್ದೋಕ್ ಎಂಬ ಬಂದೂಕುಗಾರನ ಕೆಲಸಗಳ ಚಿತ್ರಗಳೂ ಸೇರಿವೆ. ಈ ಹೊತ್ತಿಗೆ ಲಾಕಿನ ಆಕಾರವೇ ಬದಲಾಗಿತ್ತು. ನೇರವಾದ ಚಪ್ಪಟೆ ತಗಡು ಹೊಟ್ಟೆಯುಬ್ಬಿ, ಕೆಳಗಂಚು ಬಾಳೆಕಾಯಿಯಂತೆ ಬಾಗಿ, ಕುದುರೆಯೂ ದುಂಡಗಾಯಿತು. ದುಂಡು ಮೈಗೆ ಬರಿಯ ಗೆರೆ ಸಾಲದು. ಸುತ್ತಣ ಕಬ್ಬಿಣವನ್ನು ಕಡೆದು ತಗ್ಗಿಸಿ, ಎಲೆಗಳನ್ನೂ ಮುಖಗಳನ್ನೂ ಉಬ್ಬಾಗಿ ನಿಲ್ಲಿಸುವ ಉಳಿಕೆಲಸ ಮೇಲುಗೈ ಪಡೆಯಿತು. ಅತಿ ಶ್ರೀಮಂತ ಕೆಲಸಗಳಲ್ಲಿ ತಗ್ಗಿನ ನೆಲಕ್ಕೆ ಚಿನ್ನದ ಲೇಪ ಕೊಟ್ಟು, ಅದರ ಮೇಲೆ ಉಕ್ಕಿನ ಆಕೃತಿಗಳು ಹೊಳೆಯುವಂತೆ ಮಾಡುತ್ತಿದ್ದರು. ಇಲ್ಲಿ ಕಾಗದದ ಮಿತಿ ಕಾಣಿಸಿಕೊಳ್ಳುತ್ತದೆ: ಗೆರೆಯ ಕೆತ್ತನೆಗೆ ಮಾದರಿ ಹಾಳೆ ಅಕ್ಷರಶಃ ಮಾದರಿಯಾಗಬಲ್ಲದು, ಉಬ್ಬುಕೆತ್ತನೆಗೆ ಅದು ಸೂಚನೆ ಮಾತ್ರ, ನೆರಳಿನ ಗೆರೆಗಳನ್ನು ಓದಿ ಎಷ್ಟು ಆಳಕ್ಕೆ ಇಳಿಯಬೇಕೆಂದು ತೀರ್ಮಾನಿಸುವುದು ಕಡೆಯುವವನಿಗೇ ಬಿಟ್ಟದ್ದು.

ಹದಿನೆಂಟನೆಯ ಶತಮಾನದಲ್ಲಿ ನಿಕೊಲಾ ಗೆರಾರನ ಹಾಳೆಗಳನ್ನೂ, ಶತಮಾನದ ಆರಂಭದಿಂದ 1730ರ ದಶಕದವರೆಗೆ ಕೆಲಸ ಮಾಡಿದ ದ ಲಾಕೊಲೋಂಬ್‌ನ ಹಾಳೆಗಳನ್ನೂ ಹೆಸರಿಸಬೇಕು. ದ ಲಾಕೊಲೋಂಬ್‌ನ ಕೆಲಸವನ್ನು 1740ರ ದಶಕದಲ್ಲಿ ಮುಂದುವರಿಸಿದವನು ಝಿಲ್ ದೆಮಾರ್ತೊ, 1722ರಲ್ಲಿ ಲಿಯೇಜಿನಲ್ಲಿ, ಅಂದರೆ ಬಂದೂಕು ತಯಾರಿಕೆಗೇ ಹೆಸರಾದ ಪಟ್ಟಣದಲ್ಲಿ ಹುಟ್ಟಿದವನು. ಅವನ ಹಾಳೆಗಳಲ್ಲಿ ಪಟ್ಟಿಗಳ ಹೆಣಿಗೆ ಸಡಿಲಗೊಂಡು, ಚಿಪ್ಪಿನಾಕಾರಗಳೂ ಒಂದು ಬದಿಗೆ ವಾಲಿದ ಸುರುಳಿಗಳೂ ತುಂಬಿದ ರೊಕೊಕೊ ಶೈಲಿ ನೆಲೆಗೊಳ್ಳುತ್ತದೆ. ಮುಂದೆ ಇದೇ ದೆಮಾರ್ತೊ, ಹಲ್ಲುಗಳುಳ್ಳ ಪುಟ್ಟ ಗಾಲಿಯನ್ನು ತಾಮ್ರದ ಮೇಲೆ ಉರುಳಿಸಿ ಸೀಮೆಸುಣ್ಣದ ಗೆರೆಯ ಒರಟುತನವನ್ನು ಮುದ್ರಣದಲ್ಲಿ ತರುವ ವಿಧಾನದಲ್ಲಿ ನಿಷ್ಣಾತನಾಗಿ, ಚಿತ್ರಕಾರ ಬೂಷೆಯ ರೇಖಾಚಿತ್ರಗಳನ್ನು ಮನೆಮನೆಗೆ ತಲುಪಿಸಿದ. ಚಿತ್ರಕಲೆಯ ಅಭಿಮಾನಿಗಳಿಗೆ ಅವನು ಗೊತ್ತಿರುವುದು ಆ ಕೆಲಸದಿಂದ. ಲೋಹದ ಮೇಲೆ ಅವನ ಕೈ ಪಳಗಿದ್ದು ಮಾತ್ರ ಬಂದೂಕುಗಳ ಸಹವಾಸದಲ್ಲಿ.

ಹಾಳೆ ಕಾರ್ಯಾಗಾರವನ್ನು ಸೇರಿದ ಮೇಲೆ ನಡೆಯುತ್ತಿದ್ದುದೇನೆಂಬುದನ್ನು ಕಸುಬಿನ ಕ್ರಮದಿಂದ ತಿಳಿಯಬಹುದು. ಬಂದೂಕೊಂದು ಒಬ್ಬನ ಕೈಯ ಕೆಲಸವಲ್ಲ. ನಳಿಗೆ ಬಡಿಯುವವನು, ಲಾಕು ಮಾಡುವವನು, ಮರ ಕೂಡಿಸುವವನು, ಕೆತ್ತುವವನು, ಚಿನ್ನದ ಲೇಪ ಹಾಕುವವನು ಬೇರೆ ಬೇರೆ. ಲಾಕಿನ ಮೇಲೆ ಸಹಿ ಬೀಳುತ್ತಿದ್ದುದು ಯಜಮಾನನದು. ಕೆತ್ತನೆಗೆಂದು ಬರುವ ತಗಡು ಇನ್ನೂ ಮೆದುವಾದ ಕಬ್ಬಿಣ. ಅದರ ಮೇಲೆ ತೆಳುವಾಗಿ ಬಿಳಿಯ ಬಣ್ಣವನ್ನೋ ಮೇಣವನ್ನೋ ಸವರಿ, ಹಾಳೆಯ ಗೆರೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿ ಪುಡಿ ತಟ್ಟಿಯೋ, ಹಿಂಬದಿಗೆ ಮಸಿ ಬಳಿದು ಮೇಲಿನಿಂದ ತಿದ್ದಿಯೋ ಚಿತ್ರವನ್ನು ಇಳಿಸಿಕೊಳ್ಳಬಹುದು. ನುರಿತ ಕೈಯವನು ಕಣ್ಣಳತೆಯಿಂದಲೇ ಬರೆದುಕೊಳ್ಳುತ್ತಾನೆ. ಕೆತ್ತನೆ ಮುಗಿದ ಬಳಿಕ ತಗಡನ್ನು ಮೂಳೆ, ತೊಗಲುಗಳ ಇದ್ದಿಲಿನೊಡನೆ ಪೆಟ್ಟಿಗೆಯಲ್ಲಿ ಮುಚ್ಚಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಹೊರಮೈ ಮಾತ್ರ ಉಕ್ಕಾಗಿ ಗಡುಸುಗೊಳ್ಳುತ್ತದೆ. ಅಲ್ಲಿಂದಾಚೆಗೆ ಉಳಿ ಹತ್ತದು, ತಪ್ಪು ತಿದ್ದಲಾಗದು.

ಹೀಗೆ ಚುಚ್ಚಿಸಿಕೊಂಡು, ಮಸಿ ಹಿಡಿದು, ಎಣ್ಣೆಗೈಯಲ್ಲಿ ಓಡಾಡಿದ ಹಾಳೆಗೆ ಆಯುಸ್ಸೆಷ್ಟು? ಈ ಮಾದರಿಗಳ ಮೂಲ ಪ್ರತಿಗಳು ಇಂದು ಅಪರೂಪವಾಗಿರುವುದಕ್ಕೆ ಮುಖ್ಯ ಕಾರಣ ಅವು ಕೆಲಸಕ್ಕೆ ಬಂದುದೇ ಆಗಿರಬೇಕು. ಗ್ರಂಥಾಲಯಗಳಲ್ಲಿ ಮಡಿಕೆ ಮುರಿಯದಂತೆ ಉಳಿದಿರುವ ಪ್ರತಿಗಳು ಬಹುಮಟ್ಟಿಗೆ ಯಾವ ಕೆತ್ತನೆಗಾರನ ಮೇಜನ್ನೂ ಕಾಣದವು. ಹಾಳೆ ಎಷ್ಟು ಉಪಯುಕ್ತವೋ ಅಷ್ಟು ಬೇಗ ಅಳಿದಿದೆ. ಮಾದರಿಯನ್ನು ಇದ್ದುದಿದ್ದಂತೆಯೇ ನಕಲು ಮಾಡಿದ ಬಂದೂಕುಗಳು ಇವೆಯಾದರೂ ಅವುಗಳಿಗಿಂತ ಹೆಚ್ಚು ಸಾಮಾನ್ಯವಾದುದು ಒಂದು ಹಾಳೆಯಿಂದ ಮುಖವಾಡ, ಇನ್ನೊಂದರಿಂದ ನಾಯಿ, ಮತ್ತೊಂದರಿಂದ ಬಳ್ಳಿಯ ತಿರುವು ಎಂದು ಆಯ್ದು ಕೂಡಿಸಿದ ಕೆಲಸ. ಹಾಳೆ ಕೆತ್ತನೆಗಾರನಿಗೆ ಪದಕೋಶದಂತೆ ಒದಗುತ್ತಿತ್ತು, ವಾಕ್ಯ ಅವನದೇ ಆಗಿರುತ್ತಿತ್ತು.

ಉಕ್ಕು ಭಾರ, ಕಾಗದ ಹಗುರ. ಆದುದರಿಂದ ಪ್ಯಾರಿಸ್ಸಿನ ಬಂದೂಕು ತಲುಪದ ಊರುಗಳಿಗೂ ಪ್ಯಾರಿಸ್ಸಿನ ಹಾಳೆ ತಲುಪಿತು. ಹಾಳೆಯೊಡನೆ ಕೆಲವೊಮ್ಮೆ ಮನುಷ್ಯರೂ ಹೋದರು. ಪ್ರೊಟೆಸ್ಟಂಟರಿಗೆ ರಕ್ಷಣೆ ನೀಡಿದ್ದ ನಾಂತ್ ಶಾಸನವನ್ನು ಹದಿನಾಲ್ಕನೆಯ ಲೂಯಿ 1685ರಲ್ಲಿ ರದ್ದುಪಡಿಸಿದ ಕಾಲದ ಆಸುಪಾಸಿನಲ್ಲಿ ದೇಶ ಬಿಟ್ಟವರಲ್ಲಿ ಬಂದೂಕುಗಾರರೂ ಇದ್ದರು. ಪಿಯೆರ್ ಮೋಂಲೋಂ ಲಂಡನ್ನಿನಲ್ಲಿ ನೆಲೆಸಿ ಮಾಡಿದ ಪಿಸ್ತೂಲುಗಳ ಜೋಡಿಯೊಂದು ಇಂಗ್ಲೆಂಡಿನಲ್ಲಿ ತಯಾರಾದ ಅತ್ಯಂತ ಅಲಂಕೃತ ಬಂದೂಕುಗಳ ಸಾಲಿಗೆ ಸೇರುತ್ತದೆ, ಅದರ ಅಲಂಕಾರವೆಲ್ಲ ಪ್ಯಾರಿಸ್ಸಿನ ಮಾದರಿಗಳ ಜಾಡಿನದು. ರಷ್ಯದಲ್ಲಿ ಪೀಟರ್ ದೊರೆ 1712ರಲ್ಲಿ ತೂಲಾ ಪಟ್ಟಣದಲ್ಲಿ ಆಯುಧ ಕಾರ್ಖಾನೆಯನ್ನು ಸ್ಥಾಪಿಸಿದ. ಶತಮಾನದ ನಡುವಿನಲ್ಲಿ ಸಾಮ್ರಾಜ್ಞಿ ಎಲಿಜಬೆತ್‌ಗಾಗಿ ಅಲ್ಲಿಯ ಕುಶಲಕರ್ಮಿಗಳು ಮಾಡಿದ ಬೇಟೆಯ ಬಂದೂಕುಗಳಲ್ಲಿ ಗೆರಾರ್, ದ ಲಾಕೊಲೋಂಬ್, ದೆಮಾರ್ತೊ ಇವರ ಹಾಳೆಗಳ ಆಕೃತಿಗಳು ಚಿನ್ನದ ನೆಲದ ಮೇಲೆ ಮತ್ತೆ ಹುಟ್ಟಿದವು. ಹಾಳೆಯ ಮೇಲೆ ಅಚ್ಚಾದ ಇಸವಿ ಇಂದಿನ ವಿದ್ವಾಂಸರಿಗೂ ನೆರವಾಗಿದೆ. ಸ್ವೀಡನ್ನಿನ ಟೋರ್ಸ್ಟನ್ ಲೆಂಕ್ ಚಕಮಕಿ ಲಾಕಿನ ಹುಟ್ಟು ಬೆಳವಣಿಗೆಗಳನ್ನು ಕುರಿತು 1939ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಸವಿಯಿಲ್ಲದ ಬಂದೂಕುಗಳ ಕಾಲವನ್ನು ಇಸವಿಯುಳ್ಳ ಹಾಳೆಗಳೊಡನೆ ಹೋಲಿಸಿ ನಿರ್ಣಯಿಸುವ ಮಾರ್ಗವನ್ನು ಭದ್ರಪಡಿಸಿದ; ಮೆಟ್ರೊಪಾಲಿಟನ್ ಸಂಗ್ರಹಾಲಯದ ಸ್ಟೀಫನ್ ಗ್ರಾನ್ಸೆ 1970ರಲ್ಲಿ ಈ ಹಾಳೆಗಳನ್ನು ಒಂದೆಡೆ ಸೇರಿಸಿ ಮುದ್ರಿಸಿದ. ಎಚ್ಚರಿಕೆಯೊಂದು ಇಲ್ಲಿ ಅಗತ್ಯ. ಹಳೆಯ ತಾಮ್ರದ ಫಲಕಗಳು ಕೈಬದಲಾಗಿ ವರ್ಷಗಳ ಬಳಿಕವೂ ಮರುಮುದ್ರಣಗೊಳ್ಳುತ್ತಿದ್ದುದರಿಂದ ಹಾಳೆಯ ಇಸವಿ ಬಂದೂಕು ಅದಕ್ಕಿಂತ ಹಳೆಯದಾಗಿರಲಾರದೆಂದು ಹೇಳಬಲ್ಲದೇ ಹೊರತು ಎಷ್ಟು ಹೊಸದೆಂದು ಹೇಳಲಾರದು. ಮಾದರಿಯೇ ಆಗಲೇ ಇದ್ದ ಬಂದೂಕೊಂದರಿಂದ ತೆಗೆದ ಚಿತ್ರವಾಗಿದ್ದರೆ ಅಷ್ಟನ್ನೂ ಹೇಳಲಾರದು.

ಸೈನ್ಯದ ಬಂದೂಕಿಗೆ ಈ ಯಾವ ಸಂಭ್ರಮವೂ ಇರಲಿಲ್ಲ. ದಿದೆರೊನ ವಿಶ್ವಕೋಶದ ಚಿತ್ರಸಂಪುಟಗಳಲ್ಲಿ ಮೊದಲನೆಯದು 1762ರಲ್ಲಿ ಹೊರಬಂದಾಗ ಅದರಲ್ಲಿ ಬಂದೂಕು ಕಸುಬಿನ ಫಲಕಗಳೂ ಇದ್ದವು. ಮಾದರಿ ಹಾಳೆಗಳು ನೂರು ವರ್ಷ ಹೊರಮೈಯನ್ನೇ ತೋರಿಸಿದ್ದ ಲಾಕನ್ನು ಅವು ಬಿಚ್ಚಿ, ಸ್ಪ್ರಿಂಗು, ಕೊಂಡಿ, ಸ್ಕ್ರೂಗಳನ್ನು ಒಂದೊಂದಾಗಿ ಹರವಿ ತೋರಿಸಿದವು. 1785ರಲ್ಲಿ ಒನೊರೆ ಬ್ಲಾಂ ಎಂಬ ಬಂದೂಕುಗಾರ ಐವತ್ತು ಲಾಕುಗಳ ಭಾಗಗಳನ್ನು ಬಿಚ್ಚಿಟ್ಟು, ಯಾವುದನ್ನು ಯಾವುದಕ್ಕೆ ಕೂಡಿಸಿದರೂ ಹೊಂದುತ್ತದೆಂದು ತೋರಿಸಿಕೊಟ್ಟುದನ್ನು ಆಗ ಪ್ಯಾರಿಸ್ಸಿನಲ್ಲಿದ್ದ ಅಮೆರಿಕದ ರಾಯಭಾರಿ ಥಾಮಸ್ ಜೆಫರ್ಸನ್ ತನ್ನ ಪತ್ರದಲ್ಲಿ ವರದಿ ಮಾಡಿದ್ದಾನೆ. ಒಂದರಂತೆ ಇನ್ನೊಂದು ಇರಬೇಕೆಂಬ ಈ ಆದರ್ಶವೂ ಒಂದರಂತೆ ಇನ್ನೊಂದು ಇರಬಾರದೆಂಬ ಕೆತ್ತನೆಯ ಆದರ್ಶವೂ ಕೆಲಕಾಲ ಅಕ್ಕಪಕ್ಕದಲ್ಲೇ ಬಾಳಿದವು. ಫ್ರೆಂಚ್ ಕ್ರಾಂತಿಯ ಸರ್ಕಾರ ವರ್ಸೇಲ್ಸಿನಲ್ಲಿ ಸ್ಥಾಪಿಸಿದ ಆಯುಧ ಕಾರ್ಖಾನೆಯ ಕಲಾನಿರ್ದೇಶಕನಾದ ನಿಕೊಲಾ ನೊಯೆಲ್ ಬೂತೆ ಸೈನ್ಯಕ್ಕೆ ಬರಿಮೈಯ ಬಂದೂಕುಗಳನ್ನೂ, ನೆಪೋಲಿಯನ್ ಸೇನಾನಿಗಳಿಗೆ ಬಹುಮಾನವಾಗಿ ಕೊಡಲು ಚಿನ್ನ ಬೆಳ್ಳಿಗಳ ಕೆತ್ತನೆಯ ಪಿಸ್ತೂಲುಗಳನ್ನೂ ಒಂದೇ ಆಡಳಿತದಡಿ ಮಾಡಿಸಿದ; 1815ರಲ್ಲಿ ಪ್ರಷ್ಯದ ಸೈನ್ಯ ಅದನ್ನು ಕೊಳ್ಳೆಹೊಡೆಯಿತು.

ಈ ಚರಿತ್ರೆಯ ಒಂದು ಎಳೆ ಶ್ರೀರಂಗಪಟ್ಟಣಕ್ಕೂ ಬಂದು ಮುಟ್ಟುತ್ತದೆ. ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯ ದರ್ಶನ ಪಡೆದು ಸೈನಿಕ ನೆರವನ್ನು ಬೇಡಿದರು. ಸೈನ್ಯ ದೊರೆಯಲಿಲ್ಲ, ಹಿಂದಿರುಗುವಾಗ ಜೊತೆಗೆ ಬಂದವರು ಹಲವು ಕಸುಬುಗಳ ಕುಶಲಕರ್ಮಿಗಳು. ಮೈಸೂರಿನಲ್ಲಿ ಫ್ರೆಂಚ್ ತಂತ್ರಜ್ಞರ ಒಡನಾಟ ಅದಕ್ಕೂ ಹಿಂದೆ, ಹೈದರಾಲಿಯ ಕಾಲದಿಂದಲೇ ಇತ್ತು. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಸ್ಥಳೀಯ ಕುಶಲಕರ್ಮಿಗಳು ಮಾಡಿ ಸಹಿ ಹಾಕಿದ, 1799ರ ಸೋಲಿನ ಬಳಿಕ ಲೂಟಿಯ ಪಾಲಾಗಿ ಬ್ರಿಟನ್ನಿನ ಸಂಗ್ರಹಗಳನ್ನು ಸೇರಿದ ಬಂದೂಕುಗಳ ಲಾಕು ಯುರೋಪಿನ ಚಕಮಕಿ ಲಾಕೇ ಸರಿ, ತಟ್ಟೆ, ಬಟ್ಟಲು, ತಗಡು ಎಲ್ಲವೂ ಲ ಬೂರ್ಜ್ವಾನ ವಂಶದವು. ಅಲಂಕಾರ ಮಾತ್ರ ಬೆರೆಂನದೂ ಅಲ್ಲ, ದೆಮಾರ್ತೊನದೂ ಅಲ್ಲ. ನಳಿಗೆಯ ಮೇಲೆ ಬಬ್ರಿ ಎಂದು ಕರೆಯಲಾದ ಹುಲಿಪಟ್ಟೆಗಳು ಚಿನ್ನದಲ್ಲಿ ಹರಡಿವೆ, ಮತ್ತು ಇಂಥ ಕೆಲವು ಬಂದೂಕುಗಳಲ್ಲಿ ಫ್ರೆಂಚರು ನಾಯಿಯೆಂದೂ ಕನ್ನಡಿಗರು ಕುದುರೆಯೆಂದೂ ಕರೆದ ಆ ಬಾಗಿದ ಕಬ್ಬಿಣ ಹುಲಿಯ ರೂಪದಲ್ಲಿ ಕುಳಿತು, ಚಕಮಕಿ ಕಲ್ಲನ್ನು ತನ್ನ ಬಾಯಲ್ಲಿ ಕಚ್ಚಿಕೊಂಡಿದೆ.